ಎದುರು ಮನೆಯವನ ಹೇಳಿಕೆ

ಮನೆ ಕೊಳ್ಳುವವರಿಗೆ ನನ್ನ ಮೊದಲ ಸಲಹೆ: ಮನೆ ನೋಡಲು ಹೋದಾಗ ಮುಖದಲ್ಲಿ ಸಂತೋಷ ಕಾಣಿಸಬಾರದು. ದೂರದ ನೆಂಟರ ವೈಕುಂಠ ಸಮಾರಾಧನೆಗೆ ಹೋದವರ ಹಾಗಿರಬೇಕು. ಅಲ್ಲಿ ವಡೆ ಎಷ್ಟೇ ಗರಿಗರಿಯಾಗಿರಲಿ, ‘ಚೆನ್ನಾಗಿದೆ’ ಅಂತ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಇನ್ನೊಂದು ಬೇಕು ಅನ್ನಿಸಿದರೂ ತಲೆ ತಗ್ಗಿಸಿಕೊಂಡೇ ಎಲೆ ತೋರಿಸಬೇಕು.

ಈ ಸಲಹೆ ಕೊಡುವ ಅರ್ಹತೆ ನನಗಿದೆ. ಹದಿನೆಂಟನೇ ವಯಸ್ಸಿನಲ್ಲಿ ಯಶವಂತಪುರದ ಒಂದು ಅಂಗಡಿಯಲ್ಲಿ ಪೇಂಟ್ ಡಬ್ಬ ಹೊರುತ್ತಿದ್ದ ನಾನು ಈಗ ಸಹಕಾರನಗರದಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಪಿವಿಸಿ ಪೈಪಿರಲಿ, ಹೂಕೋಸಿರಲಿ, ಹೇಳಿದ ರೇಟಿಗೆ ಕೊಂಡ ದಾಖಲೆ ನನ್ನ ಚರಿತ್ರೆಯಲ್ಲಿಲ್ಲ. ನಮ್ಮ ಮದುವೆಯಲ್ಲಿ ಪುರೋಹಿತರ ದಕ್ಷಿಣೆಯಲ್ಲೂ ಇನ್ನೂರು ರೂಪಾಯಿ ಇಳಿಸಿದ್ದೆ. ಅದಕ್ಕೆ ಅವರು ಎಷ್ಟು ಮಂತ್ರ ಇಳಿಸಿದರೋ ಗೊತ್ತಿಲ್ಲ. ನನ್ನ ಹೆಂಡತಿ ಪದ್ಮ ಮಾತ್ರ ಈಗಲೂ ನನ್ನ ಮುಖ ನೋಡಿ, “ಆವತ್ತು ಏನೋ ಮುಖ್ಯವಾದದ್ದೇ ಬಿಟ್ಟುಹೋಗಿದೆ” ಅನ್ನುತ್ತಾಳೆ.

ಇಂಥ ನಾನು ಹದಿನಾಲ್ಕು ವರ್ಷ ಕೊಡಿಗೇಹಳ್ಳಿಯ ಬಾಡಿಗೆ ಮನೆಯಲ್ಲಿದ್ದೆ. ಆ ಮನೆಯ ಓನರ್ ಒಳ್ಳೆಯವರೇ, ಆದರೆ ಗೋಡೆಯ ವಿಷಯಕ್ಕೆ ಬಂದರೆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ಒಂದು ಮೊಳೆ ಹೊಡೆಯುವ ಹಾಗಿಲ್ಲ. ದಿನಕ್ಕೆ ಕಿಲೋಗಟ್ಟಲೆ ಮೊಳೆ ತೂಗಿ ಮಾರುವ ನನ್ನ ಮದುವೆ ಫೋಟೋ, ನೇತು ಹಾಕಲು ಜಾಗವಿಲ್ಲದೆ ಟೀವಿ ಪಕ್ಕ ಗೋಡೆಗೆ ಒರಗಿಕೊಂಡಿತ್ತು. ಫ್ಯಾನ್ ಐದಕ್ಕೆ ಇಟ್ಟರೆ ನಾವಿಬ್ಬರೂ ಹಾರದ ಸಮೇತ ಮಕಾಡೆ ಬೀಳುತ್ತಿದ್ದೆವು. ಪ್ರತಿ ಸಲ ಎತ್ತಿ ನಿಲ್ಲಿಸುವಾಗ ಪದ್ಮ ಒಂದೇ ಮಾತು ಹೇಳುತ್ತಿದ್ದಳು: “ನನಗೆ ಒಡವೆ ಬೇಡ, ಕಾರು ಬೇಡ. ನನ್ನದೇ ಅನ್ನೋ ಒಂದು ಗೋಡೆಗೆ ಒಂದು ಮೊಳೆ ಹೊಡೀಬೇಕು, ಅಷ್ಟೇ.”

ಹೀಗೆ ಒಂದು ಮೊಳೆಯ ಸಲುವಾಗಿ ಮನೆ ಹುಡುಕಲು ಹೊರಟೆವು.

ಯಲಹಂಕ ದಾಟಿ, ದೊಡ್ಡಬಳ್ಳಾಪುರ ರಸ್ತೆಯಲ್ಲಿ, ರಾಜಾನುಕುಂಟೆ ಇನ್ನೇನು ಬಂತು ಅನ್ನುವಲ್ಲಿ ಒಂದು ಪುಟ್ಟ ಅಪಾರ್ಟ್‌ಮೆಂಟ್ ಸಿಕ್ಕಿತು. ನಾಲ್ಕು ಮಹಡಿ, ಎಂಟು ಮನೆ. ಕಟ್ಟಿದವರು ಮುನಿನಂಜಪ್ಪ, ಅದೇ ಊರಿನ ಹಳೇ ಮನೆತನದವರು. ತಂದೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಫ್ಲ್ಯಾಟ್ ಬೆಳೆದಿದ್ದರು. ತಾವು ಕೆಳಗಿನ ಮನೆಯಲ್ಲಿದ್ದುಕೊಂಡು, ದಿನವಿಡೀ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿರುತ್ತಿದ್ದರು. ಮೂರನೇ ಮಹಡಿಯಲ್ಲಿ ಎದುರುಬದುರಾಗಿ ಎರಡು ಮನೆ ಮಾರಾಟವಾಗದೆ ಉಳಿದಿದ್ದವು. ಒಂದಕ್ಕೆ ದೊಡ್ಡ ಬೀಗ ಜಡಿದಿತ್ತು. ಇನ್ನೊಂದನ್ನು ನಮಗೆ ತೋರಿಸಿದರು.

ಒಳಗೆ ಹೋಗುವ ಮುಂಚೆ ಪದ್ಮಳಿಗೆ ಮೆಟ್ಟಿಲ ಮೇಲೆ ತರಬೇತಿ ಕೊಟ್ಟಿದ್ದೆ. ಮನೆ ಇಷ್ಟವಾದರೆ ಇಷ್ಟವಾಯಿತು ಅನ್ನಬಾರದು, ‘ಹೊಟ್ಟೆನೋವು’ ಅನ್ನಬೇಕು. ಅದು ನಮ್ಮ ಗುಪ್ತ ಸಂಕೇತ.

ಅವಳು ಅಡುಗೆಮನೆಗೆ ಹೋಗಿ ಕಿಟಕಿ ತೆಗೆದಳು. ಬೆಳಗಿನ ಬಿಸಿಲು ಸೀದಾ ಕಟ್ಟೆಯ ಮೇಲೆ ಬಿತ್ತು. ಆಚೆ ಒಂದು ಹುಣಸೆ ಮರ, ಅದರ ತುಂಬ ಗಿಳಿ. ಪದ್ಮ ನನ್ನ ಕಡೆ ತಿರುಗಿ, ಮುಖವೆಲ್ಲ ಅರಳಿಸಿಕೊಂಡು, “ರೀ, ನನಗೆ ತುಂಬಾನೇ ಹೊಟ್ಟೆನೋವು” ಅಂದಳು.

ಬಾಗಿಲಲ್ಲಿ ನಿಂತಿದ್ದ ಮುನಿನಂಜಪ್ಪ ಸಮಾಧಾನವಾಗಿ ಹೇಳಿದರು: “ಗಾಬರಿ ಆಗ್ಬೇಡಿ ಅಮ್ಮಾವ್ರೆ. ಬಂದೋರ್ಗೆಲ್ಲಾ ಈ ಅಡಿಗೆಮನೇಲೇ ಒಟ್ಟೆನೋವು ಬತ್ತದೆ.”

ಆದರೂ ನಾನು ಎದೆಗುಂದಲಿಲ್ಲ. ಮೂರು ಸಲ ಹೋಗಿ ಆ ಮನೆಯನ್ನು ಹಿಗ್ಗಾಮುಗ್ಗಾ ಬೈದೆ. ಬಚ್ಚಲ ಗೋಡೆಯ ಮೇಲಿನ ಕೈಯಗಲದ ಕಲೆಯನ್ನು ಕಾವೇರಿ ಸಮಸ್ಯೆಯಷ್ಟು ದೊಡ್ಡದು ಮಾಡಿದೆ. ಮೇಲೆ ಯಲಹಂಕ ವಾಯುನೆಲೆಯ ತರಬೇತಿ ವಿಮಾನ ಹಾರಿದಾಗಲೆಲ್ಲ ಎರಡೂ ಕಿವಿ ಮುಚ್ಚಿಕೊಂಡು ಕೂತೆ. ಕೊನೆಗೆ ಮುನಿನಂಜಪ್ಪ ಐವತ್ತೆಂಟು ಲಕ್ಷ ಅಂದಿದ್ದು ಐವತ್ತೈದಕ್ಕೆ ಇಳಿಯಿತು. ಮೂರು ಲಕ್ಷ! ಸ್ಕೂಟರಿನಲ್ಲಿ ವಾಪಸ್ ಬರುವಾಗ ಯಲಹಂಕದ ಫ್ಲೈಓವರ್ ಕೂಡ ನನಗೆ ಸ್ವಲ್ಪ ಬಗ್ಗಿ ದಾರಿ ಬಿಟ್ಟ ಹಾಗಿತ್ತು.

ಎರಡನೇ ಸಲಹೆ: ಅಗ್ರಿಮೆಂಟ್ ಬಿಗಿಯಾಗಿರಬೇಕು. ಮಾರುವವರು ಎರಡು ಲಕ್ಷ ಅಡ್ವಾನ್ಸ್ ತೆಗೆದುಕೊಂಡು ಆಟ ಆಡಿಸಿಬಿಡುತ್ತಾರೆ. ಹಾಗಾಗಿ ನಾನೇ ಮುಂದೆ ಕೂತು ಒಂದು ಷರತ್ತು ಬರೆಸಿದೆ: ನಲವತ್ತೈದು ದಿನದೊಳಗೆ ರಿಜಿಸ್ಟ್ರೇಷನ್ ಆಗತಕ್ಕದ್ದು, ಆಗದೇ ಹೋದಲ್ಲಿ ಯಾರ ಕಡೆಯಿಂದ ತಡವಾಯಿತೋ ಅವರು ಅಡ್ವಾನ್ಸಿನಷ್ಟು ಹಣ ಕಳೆದುಕೊಳ್ಳತಕ್ಕದ್ದು. ಟೈಪ್ ಮಾಡುವವನು ಒಂದು ಸಲ ನನ್ನ ಮುಖ ನೋಡಿದ. ಮುನಿನಂಜಪ್ಪ, “ಯಾಕ್ ಯಜಮಾನ್ರೆ ಇಷ್ಟ್ ಬಿಗಿ?” ಅಂದರು. ವ್ಯವಹಾರ ಅಂದಮೇಲೆ ಬಿಗಿ ಇರಬೇಕು ಅಂತ ತಿಳಿಹೇಳಿದೆ. “ಆಗ್ಲಿ ಬುಡಿ” ಅಂತ ಸಹಿ ಹಾಕಿದರು. ಪಾಪ, ವ್ಯವಹಾರ ತಿಳಿಯದ ಮನುಷ್ಯ ಅಂದುಕೊಂಡೆ.

ಆಮೇಲೆ ಬ್ಯಾಂಕು. ಹನ್ನೊಂದು ಲಕ್ಷ ನಮ್ಮ ಹತ್ತಿರ ಇತ್ತು, ಉಳಿದ ನಲವತ್ತನಾಲ್ಕು ಸಾಲ. ಮ್ಯಾನೇಜರ್ ಮೇಡಂ ಚಿಕ್ಕ ವಯಸ್ಸಿನವರು, ಬಹಳ ತಾಳ್ಮೆ. ಬಡ್ಡಿ ದರ ಹೇಳಿದ ತಕ್ಷಣ ನಾನು ಅಭ್ಯಾಸಬಲದಿಂದ, “ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ ಹೇಳಿ” ಅಂದುಬಿಟ್ಟೆ. ಪಕ್ಕದ ಕೌಂಟರಿನಲ್ಲಿ ನೋಟು ಎಣಿಸುವ ಮಿಷನ್ ಕೂಡ ನಿಂತುಹೋಯಿತು. ಬಡ್ಡಿ ಇಳಿಯುವುದಿಲ್ಲ ಅಂದರು. ನಾನು ಎದ್ದು ಹೋಗುವ ಹಾಗೆ ಬಾಗಿಲವರೆಗೆ ನಡೆದೆ. ಮಾರ್ಕೆಟ್ಟಿನಲ್ಲಾದರೆ ಆಗ ವಾಪಸ್ ಕರೆಯುತ್ತಾರೆ. ಇಲ್ಲಿ ಮುಂದಿನ ಟೋಕನ್ ನಂಬರ್ ಕರೆದರು. ನಾನೇ ವಾಪಸ್ ಬಂದೆ. ಆದರೂ ಬಿಡದೆ ಮುಕ್ಕಾಲು ಗಂಟೆ ಕೂತು ಪ್ರೊಸೆಸಿಂಗ್ ಫೀಸಿನಲ್ಲಿ ಮೂರು ಸಾವಿರ ಇಳಿಸಿದೆ.

ಇಳಿಸಿದ ಖುಷಿಯಲ್ಲಿದ್ದಾಗ ಮೇಡಂ ಇನ್ನೊಂದು ಮಾತು ಹೇಳಿದರಂತೆ. ಮನೆ ಎಷ್ಟು ಬೆಲೆ ಬಾಳುತ್ತದೆ ಅಂತ ನೋಡಲು ಬ್ಯಾಂಕಿನ ಕಡೆಯ ಇಂಜಿನಿಯರ್ ಒಬ್ಬರು ಈ ವಾರ ಯಾವತ್ತಾದರೂ ಹೋಗುತ್ತಾರೆ, ಕೀಲಿ ಮಾಲೀಕರ ಹತ್ತಿರವೇ ಇಸ್ಕೋತಾರೆ, ಅವರು ಹೇಳಿದ ಬೆಲೆಯ ಮೇಲೆ ನೂರಕ್ಕೆ ಎಂಬತ್ತು ಸಾಲ ಅಂತ. ಪದ್ಮ ಕೇಳಿಸಿಕೊಂಡಿದ್ದಳು. ನಾನು ಆ ಮೂರು ಸಾವಿರದಲ್ಲಿ ಏನು ಕೊಳ್ಳಬಹುದು ಅಂತ ಯೋಚಿಸುತ್ತಿದ್ದೆ.

ಆ ಶನಿವಾರ ಅಂಗಡಿ ಕೆಲಸದವರಿಗೆ ವಹಿಸಿ, ವಾರ್ಡ್‌ರೋಬಿಗೆ ಅಳತೆ ತೆಗೆಯೋಣ ಅಂತ ಟೇಪು ಹಿಡಿದು ನಮ್ಮ ಮನೆಗೆ ಹೋದೆ. ಆಗಲೇ ‘ನಮ್ಮ ಮನೆ’ ಅನ್ನತೊಡಗಿದ್ದೆ. ಕೀಲಿ ಕೇಳೋಣ ಅಂದರೆ ಗೇಟಿನ ಹತ್ತಿರದ ಕುರ್ಚಿ ಖಾಲಿ. ಮೇಲೆ ಹೋಗಿ ನೋಡಿದರೆ ಬಾಗಿಲು ತೆರೆದಿದೆ! ಒಳಗೆ ಟೀಶರ್ಟು ಹಾಕಿಕೊಂಡ, ಹವಾಯಿ ಚಪ್ಪಲಿಯ ಒಬ್ಬ ಮನುಷ್ಯ ಗೋಡೆ ತಟ್ಟಿ ನೋಡುತ್ತಿದ್ದಾನೆ. ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾನೆ. ನಲ್ಲಿ ತಿರುಗಿಸುತ್ತಾನೆ. ಅಡುಗೆಮನೆಯ ಕಿಟಕಿ ತೆಗೆದು ಹುಣಸೆ ಮರವನ್ನೂ ನೋಡಿದ.

ನನ್ನ ಮೂವತ್ತು ವರ್ಷದ ವ್ಯಾಪಾರದ ಬುದ್ಧಿ ತಕ್ಷಣ ಓಡಿತು. ಅಗ್ರಿಮೆಂಟ್ ಆದಮೇಲೂ ಮುನಿನಂಜಪ್ಪ ಮನೆ ತೋರಿಸುತ್ತಿದ್ದಾರೆ. ಅಂದರೆ ನನಗಿಂತ ಹೆಚ್ಚು ಕೊಡುವ ಗಿರಾಕಿ ಸಿಕ್ಕಿದ್ದಾನೆ. ಇವನನ್ನು ಇಲ್ಲಿಂದಲೇ ಓಡಿಸಬೇಕು.

“ಮನೆ ನೋಡೋಕೆ ಬಂದ್ರಾ?” ಅಂದೆ, ತುಂಬ ಪ್ರೀತಿಯಿಂದ.

“ಹೂಂ ಸಾರ್. ತಾವು?”

“ನಾನು ಎದುರು ಮನೆಯವನು.”

ಅವನು ಎದುರು ಮನೆ ಬಾಗಿಲ ಕಡೆ ನೋಡಿದ. ಅಂಗೈಯಷ್ಟು ದೊಡ್ಡ ಬೀಗ. ವಾಕಿಂಗ್ ಹೊರಟಿದ್ದೆ ಅಂದೆ. ಮಧ್ಯಾಹ್ನ ಒಂದು ಗಂಟೆ, ಕೈಯಲ್ಲಿ ಅಳತೆ ಟೇಪು. “ಇಲ್ಲಿ ನೀರಿನ ಅನುಕೂಲ ಹೇಗೆ ಸಾರ್?” ಅಂತ ಮಾತ್ರ ಕೇಳಿದ.

ಅಷ್ಟು ಸಾಕಾಯಿತು. ಬೋರ್‌ವೆಲ್ ಬತ್ತಿ ವರ್ಷವಾಯಿತು, ನಲ್ಲಿಯಲ್ಲಿ ಬರುವುದು ನೀರಲ್ಲ, ನಿಟ್ಟುಸಿರು ಅಂದೆ. ಬಚ್ಚಲ ಗೋಡೆ ಮಳೆಗಾಲದಲ್ಲಿ ಒಳಗಿನಿಂದಲೇ ಸುರಿಯುತ್ತದೆ ಅಂದೆ. ಗೋಡೆ ಎಂಥ ಗೋಡೆ ಸ್ವಾಮಿ, ಹಪ್ಪಳ. ಈ ಕಡೆ ಮೊಳೆ ಹೊಡೆದರೆ ಆ ಕಡೆ ಮನೆಯವರು ಟವೆಲ್ ನೇತು ಹಾಕಿಕೊಳ್ಳುತ್ತಾರೆ ಅಂದೆ. ವಿಮಾನ ಬಂದರೆ ಸ್ಟೀಲ್ ಲೋಟಗಳು ತಾವೇ ನಡೆದು ಸಿಂಕಿಗೆ ಬೀಳುತ್ತವೆ ಅಂದೆ. ಹುಣಸೆ ಮರದ ಬಗ್ಗೆ ಧ್ವನಿ ತಗ್ಗಿಸಿ, “ಸಂಜೆ ಆದ್ಮೇಲೆ ಆ ಕಿಟಕಿ ನಾವ್ಯಾರೂ ತೆಗೆಯಲ್ಲ” ಅಂದು ಅಲ್ಲಿಗೇ ನಿಲ್ಲಿಸಿದೆ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದಕ್ಕೆ ಜನ ಹೆಚ್ಚು ಹೆದರುತ್ತಾರೆ, ಇದು ನನ್ನ ಅನುಭವ.

ಅವನು ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡ. ಎಂಥ ಶ್ರದ್ಧೆ! ಕೊನೆಗೆ, “ಹಾಗಾದ್ರೆ ಈ ಮನೆ ಎಷ್ಟು ಬೆಲೆ ಬಾಳಬಹುದು ಸಾರ್, ನಿಮ್ಮ ಪ್ರಕಾರ?” ಅಂತ ಕೇಳಿದ.

“ನಲವತ್ತಾರು. ಅದರ ಮೇಲೆ ಒಂದು ರೂಪಾಯಿ ಕೊಟ್ಟೋನು ಪೆದ್ದ.”

ಅದನ್ನೂ ಬರೆದುಕೊಂಡ. ಕೈ ಮುಗಿದು, ನಿಮ್ಮಂಥ ಸತ್ಯ ಹೇಳುವ ಅಕ್ಕಪಕ್ಕದವರು ಸಿಗುವುದು ಅಪರೂಪ ಅಂದು ಹೊರಟುಹೋದ. ನಾನು ವಾರ್ಡ್‌ರೋಬಿನ ಅಳತೆ ತೆಗೆದುಕೊಂಡು, ಬರುವ ದಾರಿಯಲ್ಲಿ ಪದ್ಮಳಿಗೆ ಅರ್ಧ ಕಿಲೋ ಮೈಸೂರು ಪಾಕ್ ಕಟ್ಟಿಸಿಕೊಂಡು ಬಂದೆ.

ಮುಂದಿನ ಗುರುವಾರ ಬ್ಯಾಂಕಿನಿಂದ ಕರೆ ಬಂತು. ಇಬ್ಬರೂ ಹೋದೆವು. ಮ್ಯಾನೇಜರ್ ಮೇಡಂ ಬೇಜಾರಿನಲ್ಲಿದ್ದರು. “ಸಾರ್, ವ್ಯಾಲ್ಯುಯೇಷನ್ ತುಂಬ ಕಡಿಮೆ ಬಂದಿದೆ. ನಲವತ್ತನಾಲ್ಕು ಲಕ್ಷ ಕೊಡೋಕಾಗಲ್ಲ. ಮೂವತ್ತಾರು ಮುಕ್ಕಾಲು ಆಗಬಹುದು, ಅಷ್ಟೇ.”

ನನ್ನ ಕಾಲ ಕೆಳಗಿನ ಟೈಲ್ಸ್ ಸರಿಯಿತು. ಅಷ್ಟು ಬೆಳಕಿನ ಮನೆ, ಅಂಥ ಗಾಳಿ, ಯಾರ್ರೀ ಅದು ಕಣ್ಣಿಲ್ಲದ ಇಂಜಿನಿಯರ್ ಅಂತ ಏರು ದನಿಯಲ್ಲಿ ಕೇಳಿದೆ. ಮೇಡಂ ವರದಿ ತಿರುಗಿಸಿ, ಸ್ಥಳೀಯರನ್ನು ವಿಚಾರಿಸಿಯೇ ಬರೆದಿದ್ದಾರೆ ಅಂತ ಓದಿ ಹೇಳಿದರು. ನೀರಿನ ತೀವ್ರ ಕೊರತೆ. ಬಚ್ಚಲಲ್ಲಿ ಸೋರಿಕೆ. ಗೋಡೆಗಳ ಗುಣಮಟ್ಟದ ಬಗ್ಗೆ ಸಂಶಯ. ವಿಮಾನಗಳಿಂದ ಪಾತ್ರೆ ಪಗಡಕ್ಕೆ ಹಾನಿ. ಹುಣಸೆ ಮರದ ಬಗ್ಗೆ ನಿವಾಸಿಗಳಲ್ಲಿ ಭೀತಿ.

“ಯಾರು ಮೇಡಂ ಇದನ್ನೆಲ್ಲಾ ಹೇಳಿದ್ದು?” ನಾನು ಮೇಜು ಕುಟ್ಟಿದೆ. “ಅವನನ್ನ ನನ್ನ ಮುಂದೆ ತಂದು ನಿಲ್ಲಿಸಿ.”

“ಹೆಸರು ಬರೆದಿಲ್ಲ ಸಾರ್. ಎದುರು ಮನೆಯವರು ಅಂತಿದೆ. ನಲವತ್ತಾರರ ಮೇಲೆ ಕೊಟ್ಟವರು ಪೆದ್ದರು ಅಂತಲೂ ಅಂದಿದ್ದಾರೆ.”

ಪದ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮೈಸೂರು ಪಾಕಿನ ಕಾರಣ ಅವಳಿಗೆ ಗೊತ್ತಿತ್ತು. ಶನಿವಾರ ನಾನೇ ಅದನ್ನೆಲ್ಲ ಅಭಿನಯದ ಸಮೇತ ವರ್ಣಿಸಿದ್ದೆ, ಲೋಟ ನಡೆಯುವುದನ್ನು ಕೈಯಲ್ಲಿ ಮಾಡಿ ತೋರಿಸಿದ್ದೆ. ಹವಾಯಿ ಚಪ್ಪಲಿಯ ಗಿರಾಕಿ ಅಂದಿದ್ದರಿಂದ ಅವಳಿಗೂ ಆಗ ಇಂಜಿನಿಯರ್ ನೆನಪಾಗಿರಲಿಲ್ಲ.

“ಮೇಡಂ,” ಅಂದಳು ಅವಳು, “ಅವರನ್ನ ತಂದು ನಿಲ್ಲಿಸೋದೇನೂ ಬೇಡ. ಇಲ್ಲೇ ಕೂತಿದ್ದಾರೆ.”

ಇಲ್ಲಿಗೆ ಯಾವನಾದರೂ ಬುದ್ಧಿವಂತ ನಿಲ್ಲಿಸುತ್ತಿದ್ದ. ನಾನು ಬುದ್ಧಿವಂತರಿಗಿಂತ ಒಂದು ಕೈ ಮೇಲು. ಅದೇ ವರದಿ ಹಿಡಿದು ಮುನಿನಂಜಪ್ಪನವರ ಹತ್ತಿರ ಹೋದೆ. ಬ್ಯಾಂಕೇ ನಲವತ್ತಾರು ಅಂದಿದೆ, ನೀವು ಐವತ್ತಕ್ಕೆ ಮುಗಿಸಿ ಅಂದೆ. ಅವರು ಕುರ್ಚಿಯಿಂದ ಏಳದೆ ಎಲೆಯಡಿಕೆ ಜಗಿದರು. “ಬ್ಯಾಂಕ್ನೋರು ನಲವತ್ತಾರು ಅಂದ್ರಾ? ಅಂಗಾದ್ರೆ ಬ್ಯಾಂಕ್ನೋರ್ಗೆ ಕೊಡಾಕಿಲ್ಲ ಬುಡಿ. ನೀವ್ ಐವತ್ತೈದ್ ತನ್ನಿ. ಇನ್ ಅನ್ನೆಲ್ಡ್ ದಿನ ಐತೆ, ಅಲ್ವರಾ? ನೀವೇ ಬರ್ಸಿದ್ದು.”

ಮೂರು ದಿನ ಹೀಗೇ ಚೌಕಾಸಿ ಮಾಡಿದೆ. ಇಳಿದದ್ದು ದಿನಗಳು ಮಾತ್ರ.

ಆ ಮೂರನೇ ದಿನ ಮನೆಗೆ ಬಂದರೆ ಫ್ಯಾನ್ ಗಾಳಿಗೆ ಫೋಟೋ ಬಿದ್ದಿತ್ತು. ಪದ್ಮ ಎತ್ತಿ ನಿಲ್ಲಿಸಿರಲಿಲ್ಲ. ನಾನೇ ಎತ್ತಿದೆ. ಗಾಜಿನಲ್ಲಿ ಒಂದು ಬಿರುಕು, ಸರಿಯಾಗಿ ನನ್ನ ಬಾಯಿಯ ಮೇಲೆ. ಒಳಗಿನಿಂದ ಅವಳು ಅಂದಳು, “ಮೂರು ಲಕ್ಷ ಉಳಿಸಿದ್ರಿ. ಮನೆ ಉಳಿಸ್ಲಿಲ್ಲ.”

ಮಾರನೇ ದಿನ ಬ್ಯಾಂಕಿಗೆ ಹೋಗಿ, ಮತ್ತೊಮ್ಮೆ ಮನೆ ನೋಡಿಸಿ ಅಂತ ಅರ್ಜಿ ಕೊಟ್ಟೆ. ಅದಕ್ಕೆ ಬೇರೆ ಫೀಸು. ಎಷ್ಟು ಅಂತೀರಿ? ಸರಿಯಾಗಿ ಮೂರು ಸಾವಿರ! ಈ ಸಲ ನಾನು ಚೌಕಾಸಿ ಮಾಡಲಿಲ್ಲ. ಮೇಡಂ ಎರಡು ಸಲ ತಲೆಯೆತ್ತಿ ನೋಡಿದರು, ಮೈ ಹುಷಾರಿಲ್ಲವೇನೋ ಅಂತ.

ಇಂಜಿನಿಯರ್ ಬರುವ ಹೊತ್ತಿಗೆ ನಲವತ್ತೊಂಬತ್ತನೇ ದಿನ. ಗಡುವು ಮುಗಿದು ನಾಲ್ಕು ದಿನವಾಗಿತ್ತು. ಅದೇ ಟೀಶರ್ಟು, ಅದೇ ಚಪ್ಪಲಿ. ನನ್ನನ್ನು ನೋಡಿದವನೇ, “ಓ, ಎದುರು ಮನೆಯವರು. ಚೆನ್ನಾಗಿದ್ದೀರಾ ಸಾರ್?” ಅಂದ.

ತಪ್ಪೊಪ್ಪಿಗೆಯನ್ನು ಪದ್ಮಳೇ ನನ್ನ ಪರವಾಗಿ ಸಲ್ಲಿಸಿದಳು. ಅವನು ನಗು ತಡೆಯಲಾಗದೆ ಬಚ್ಚಲಿಗೆ ಹೋಗಿ ಕಲೆ ಪರೀಕ್ಷಿಸುವ ನೆಪ ಮಾಡಿದ. ಹೊರಗೆ ಬಂದು ಹಳೇ ಪುಸ್ತಕ ತೆಗೆದ. “ಹಾಗಾದ್ರೆ ಒಂದೊಂದೇ ನೋಡೋಣ ಸಾರ್. ನೀರು?”

ಬಾಯಿ ಬಿಡಬಾರದು ಅಂತ ಪದ್ಮ ಮೆಟ್ಟಿಲ ಮೇಲೆ ನನಗೆ ತರಬೇತಿ ಕೊಟ್ಟಿದ್ದಳು. ಆದರೆ ಎದುರಿಗೆ ಗಿರಾಕಿ ನಿಂತು ಪ್ರಶ್ನೆ ಕೇಳಿದರೆ ಅಂಗಡಿಯವನು ಸುಮ್ಮನಿರುತ್ತಾನೆಯೇ? ಎಲ್ಲ ನಲ್ಲಿಯನ್ನೂ ಒಟ್ಟಿಗೆ ತಿರುಗಿಸಿ, ಎಳನೀರು ಸಾರ್ ಎಳನೀರು ಅಂದೆ. ಕಲೆ ಅಂದರೆ ಪೇಂಟ್ ಮಾಡುವವನ ಕೈ ಗುರುತು. ಗೋಡೆ ಕೋಟೆ. ವಿಮಾನ ಬಂದರೆ ಮಕ್ಕಳಿಗೆ ಖರ್ಚಿಲ್ಲದ ಮನರಂಜನೆ. ಆ ಕಿಟಕಿಯನ್ನು ಸಂಜೆ ಯಾಕೆ ತೆಗೆಯುವುದಿಲ್ಲ ಅಂದರೆ, ತೆಗೆದರೆ ತಂಗಾಳಿಗೆ ಅಲ್ಲೇ ನಿದ್ದೆ ಬಂದು ಅಡುಗೆ ಸೀದುಹೋಗುತ್ತದೆ. ಉತ್ಸಾಹ ಏರುತ್ತ ಏರುತ್ತ, “ಇವತ್ತು ಹುಡುಕಿದ್ರೂ ಇಂಥ ಮನೆ ಈ ಭಾಗದಲ್ಲಿ ಅರವತ್ತೈದಕ್ಕೆ ಕಮ್ಮಿ ಸಿಕ್ಕಲ್ಲ ಸಾರ್, ಬರ್ಕೊಳಿ” ಅಂದೆ.

“ನಾನು ಮೊದಲನೇ ದಿನವೇ ಅರವತ್ತು ಅಂತ ಬರೆದಿದ್ದೆ ಸಾರ್,” ಅಂದ ಅವನು. “ನೀವು ಒಳಗೆ ಬರೋಕೆ ಐದು ನಿಮಿಷ ಮುಂಚೆ.” ಪುಸ್ತಕ ತೋರಿಸಿದ. ಅರವತ್ತು ಅಂತ ಇತ್ತು. ಹೊಡೆದು ಹಾಕಿ ಪಕ್ಕದಲ್ಲಿ ನಲವತ್ತಾರು.

ಅದನ್ನು ನೋಡುತ್ತಿದ್ದಾಗ ಬೆನ್ನ ಹಿಂದೆ ಎಲೆಯಡಿಕೆಯ ವಾಸನೆ ಬಂತು. ಮುನಿನಂಜಪ್ಪ ಬಾಗಿಲಿಗೆ ಒರಗಿ ನಿಂತಿದ್ದರು. ಯಾವಾಗಿನಿಂದಲೋ.

“ಯಜಮಾನ್ರೆ,” ಅಂದರು, ಬಹಳ ಆಶ್ಚರ್ಯದಿಂದ. “ಇಷ್ಟ್ ಚೆಂದಾಗೈತಾ ನಮ್ಮನೆ? ಕಟ್ಟಿದ್ ನಂಗೇ ಗೊತ್ತಿರ್ನಿಲ್ಲ.”

ನಾನು ತಡವರಿಸಿದೆ. ಬ್ಯಾಂಕಿನವರ ಮುಂದೆ ಹಾಗೆ ಹೇಳಬೇಕಾಗುತ್ತದೆ ಅಂದೆ. ಅವರು ತಲೆಯಾಡಿಸಿದರು.

“ಅದೂ ಸರಿಯೇ. ಈಗ ನೋಡಿ, ನೀವ್ ಬರ್ಸಿದ್ ಪತ್ರದ್ ಪ್ರಕಾರ ಗಡುವು ಮುಗ್ದೈತೆ. ಅಡ್ವಾನ್ಸೂ ನಂದೇ, ಮನೇನೂ ನಂದೇ. ಆದ್ರೆ ಇನ್ನೊಬ್ರು ದುಡ್ಡು ನಂಗ್ ಬ್ಯಾಡ. ಅರವತ್ತೈದೂ ಬ್ಯಾಡ. ಮೊದ್ಲು ಏಳಿದ್ನಲ್ಲ, ಐವತ್ತೆಂಟು, ಅದ್ ಕೊಡಿ. ಒಸಾ ಅಗ್ರಿಮೆಂಟ್ ಬರ್ಸಿ. ಈ ಸಲ ವಸಿ ಸಡ್ಲ ಇರ್ಲಿ.”

ಐವತ್ತೇಳು ಅನ್ನಲು ನನ್ನ ಬಾಯಿ ತೆರೆಯಿತು. ಪ್ರಾಣ ಹೋಗುವಾಗಲೂ ಅದು ತೆರೆಯುತ್ತದೇನೋ. ಅಷ್ಟರಲ್ಲಿ ಪದ್ಮ, “ಆಯ್ತು ಮುನಿನಂಜಪ್ಪನವರೇ, ಐವತ್ತೆಂಟು” ಅಂದುಬಿಟ್ಟಳು. ಅವಳ ಇಡೀ ಜೀವಮಾನದ ಮೊದಲ ವ್ಯಾಪಾರ. ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು.

“ಒಟ್ಟೆನೋವು ಓಯ್ತಾ ಅಮ್ಮಾವ್ರೆ?” ಅಂತ ಕೇಳಿದರು ಮುನಿನಂಜಪ್ಪ.

“ಈಗ ಇವರಿಗೆ ಶುರುವಾಗಿದೆ” ಅಂದಳು.

ಹೀಗೆ ನಾನು ಇಳಿಸಿದ ಮೂರು ಲಕ್ಷ ಕ್ಷೇಮವಾಗಿ ಮಾಲೀಕರ ಮನೆ ತಲುಪಿತು, ಬ್ಯಾಂಕಿನಲ್ಲಿ ಇಳಿಸಿದ ಮೂರು ಸಾವಿರ ಬ್ಯಾಂಕಿನಲ್ಲೇ ಉಳಿಯಿತು. ಹೊಸ ಅಗ್ರಿಮೆಂಟಿನ ಖರ್ಚು ಮಾತ್ರ ನನ್ನ ಜಾಣತನದ ನಿವ್ವಳ ಲಾಭ. ಸಾಲ ಸಿಕ್ಕಿತು, ರಿಜಿಸ್ಟ್ರೇಷನ್ ಆಯಿತು, ಹಾಲು ಉಕ್ಕಿತು. ಪುರೋಹಿತರ ದಕ್ಷಿಣೆಯನ್ನು ಪದ್ಮಳೇ ಮಾತಾಡಿದಳು. ಒಂದು ಮಂತ್ರವೂ ಕಡಿಮೆಯಾಗಲಿಲ್ಲ, ಊಟಕ್ಕೆ ಮೂರು ಗಂಟೆಯಾಯಿತು.

ಅವತ್ತೇ ಸಂಜೆ ಫೋಟೋಗೆ ಮೊಳೆ ಹೊಡೆಯುವ ಸಮಾರಂಭ. ನನ್ನ ಅಂಗಡಿಯ ಅತ್ಯುತ್ತಮ ಎರಡೂವರೆ ಇಂಚಿನ ಮೊಳೆ, ಪದ್ಮಳ ಕೈಯಲ್ಲಿ ಸುತ್ತಿಗೆ. ಮೊದಲ ಮೊಳೆ ಬಾಗಿತು. ಎರಡನೆಯದೂ ಬಾಗಿತು. ಮೂರನೆಯದು ಹಾರಿ ಎಲ್ಲೋ ಹೋಯಿತು. ಗೋಡೆಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. “ಹಪ್ಪಳ ಅಂದಿದ್ರಲ್ಲ?” ಅಂದಳು. ಕೊನೆಗೆ ಡ್ರಿಲ್ ತರಿಸಿ ನೇತು ಹಾಕಿದೆವು. ಗಾಜು ಬದಲಿಸೋಣ ಅಂದರೆ ಅವಳು ಒಪ್ಪಲಿಲ್ಲ. ನನ್ನ ಬಾಯಿಯ ಮೇಲಿನ ಬಿರುಕು ಹಾಗೇ ಇರಲಿ ಅಂದಳು.

ಮೊನ್ನೆ ಭಾನುವಾರ ಬೆಳಗ್ಗೆ ಕಾಲಿಂಗ್ ಬೆಲ್ ಆಯಿತು. ಪದ್ಮ ಬಾಗಿಲು ತೆಗೆದಳು. ನೋಡಿದರೆ ಅದೇ ಇಂಜಿನಿಯರ್! ಎದುರು ಮನೆಗೆ ಗಿರಾಕಿ ಸಿಕ್ಕಿದ್ದಾರಂತೆ, ಅವರದೂ ಬ್ಯಾಂಕ್ ಸಾಲವಂತೆ, ಅಕ್ಕಪಕ್ಕದವರನ್ನು ಒಂದು ಮಾತು ವಿಚಾರಿಸಬೇಕಿತ್ತಂತೆ. “ಸಾರ್ ಇದ್ದಾರಾ?” ಅಂದ.

ಈಗ ನಾನು ನಿಜವಾದ ಎದುರು ಮನೆಯವನು! ಪತ್ರಸಹಿತ, ಸಾಲಸಹಿತ. ಹೇಳಲು ನನ್ನಲ್ಲಿ ಎಷ್ಟೊಂದು ಇತ್ತು. ಸೋಫಾ ಬಿಟ್ಟು ಎದ್ದು ಬಾಗಿಲಿಗೆ ಬಂದೆ. ಪದ್ಮ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

“ಇಲ್ಲ ಸಾರ್,” ಅಂದಳು. “ಅವರು ಊರಲ್ಲಿಲ್ಲ.”

ಇಂಜಿನಿಯರ್ ಅವಳ ಭುಜದ ಮೇಲಿಂದ ಸೀದಾ ನನ್ನ ಮುಖವನ್ನೇ ನೋಡಿದ.

“ಸರಿ ಮೇಡಂ,” ಅಂದ. “ಬಂದ್ಮೇಲೆ ನಾನು ಬಂದಿದ್ದೆ ಅಂತ ದಯವಿಟ್ಟು ಹೇಳ್ಬೇಡಿ.”